ಯುರೋಪಿನ ಕುಲೀನ ಮನೆತನಗಳ ವಂಶಾವಳಿ 10ನೇ ಶತಮಾನದ ಆಚೆಗೆ ಏಕೆ ಕಡಿದುಹೋಗುತ್ತದೆ?

ಪ್ರಶ್ನೆ: ಮಧ್ಯಯುಗದ ಯುರೋಪಿನ ರಾಜರ, ಸಾಮಂತರ ವಂಶವೃಕ್ಷಗಳಲ್ಲಿ ಕೆಳಗಿನ ಕೊಂಬೆಗಳು ತುಂಬಿಕೊಂಡಿದ್ದರೂ ಮೂಲಪುರುಷ ಮಾತ್ರ ಹೆಚ್ಚಾಗಿ 9 ಅಥವಾ 10ನೇ ಶತಮಾನಕ್ಕೇ ನಿಂತುಬಿಡುತ್ತಾನೆ. ಅವನ ಹಿಂದಿನವರು ಯಾರೆಂದು ಏಕೆ ತಿಳಿಯುವುದಿಲ್ಲ?

ಉತ್ತರ: ಆ ಕಾಲದ ದಾಖಲೆಗಳು ನಾಶವಾದವು ಎಂಬ ಸಮಾಧಾನವನ್ನು ಸಾಮಾನ್ಯವಾಗಿ ಕೊಡುತ್ತಾರೆ. ಬಹಳಷ್ಟು ನಾಶವಾದದ್ದು ನಿಜವೇ ಆದರೂ ಹೆಸರುಗಳಿಗೆ ಬರವಿಲ್ಲ. ಕಾನ್‌ಸ್ಟನ್ಸ್ ಸರೋವರದ ರೈಶೆನೌ ದ್ವೀಪದ ಮಠದಲ್ಲಿ, ಯಾರಿಗಾಗಿ ಪ್ರಾರ್ಥಿಸಬೇಕೆಂದು ನೆನಪಿಡಲು 824ರ ಸುಮಾರಿಗೆ ಬರೆಯಲಾರಂಭಿಸಿದ ಒಂದೇ ಪುಸ್ತಕದಲ್ಲಿ ಸುಮಾರು 38 ಸಾವಿರ ಹೆಸರುಗಳಿವೆ. ಆದರೆ ಅವೆಲ್ಲ ಬಿಡಿ ಹೆಸರುಗಳು. ಆಗ ಮನೆತನದ ಹೆಸರೆಂಬುದು ಇರಲಿಲ್ಲವಾದ್ದರಿಂದ, ಅಲ್ಲಿ ಬರುವ ಒಬ್ಬ ರಾಬರ್ಟ್ ಯಾರ ಮಗ, ಮುಂದಿನ ಪುಟದ ರಾಬರ್ಟ್‌ಗೂ ಅವನಿಗೂ ಸಂಬಂಧವಿದೆಯೇ ಎಂಬುದನ್ನು ಆ ಸಾಲು ಹೇಳುವುದಿಲ್ಲ.

ಮನೆತನದ ಹೆಸರು ಇರಲಿಲ್ಲ ಎನ್ನುವುದಕ್ಕಿಂತ, ಅದರ ಅಗತ್ಯವೇ ಬಿದ್ದಿರಲಿಲ್ಲ ಎನ್ನುವುದು ಹೆಚ್ಚು ಸರಿ. ಒಂದು ಸೀಮೆಯ ಆಡಳಿತ ನೋಡಿಕೊಳ್ಳುವ ಕೌಂಟ್ ಪದವಿಯನ್ನು ಕೊಡುವವನೂ ಕಿತ್ತುಕೊಳ್ಳುವವನೂ ರಾಜನೇ ಆಗಿದ್ದ. ಈ ವರ್ಷ ರೈನ್ ನದಿಯ ದಂಡೆಯಲ್ಲಿದ್ದವನು ಮುಂದೆ ಲ್ವಾರ್ ನದಿಯ ದಂಡೆಗೆ ಹೋಗಬೇಕಾಗಬಹುದಿತ್ತು. ತಲೆಮಾರಿನಿಂದ ತಲೆಮಾರಿಗೆ ಉಳಿಯುವ ಒಂದು ನೆಲೆಯಿಲ್ಲದ ಕಡೆ, ತಂದೆಯ ಕಡೆಯವರಷ್ಟೇ ತಾಯಿಯ ಕಡೆಯವರೂ ಮುಖ್ಯರಾಗಿದ್ದರು, ಮತ್ತು ಎರಡರಲ್ಲಿ ಯಾವ ಕಡೆಗೆ ಹೆಚ್ಚು ಪ್ರತಿಷ್ಠೆಯಿತ್ತೋ ಮಕ್ಕಳು ತಮ್ಮನ್ನು ಆ ಕಡೆಯವರೆಂದು ಹೇಳಿಕೊಳ್ಳುತ್ತಿದ್ದರು. 11ನೇ ಶತಮಾನದಲ್ಲಿ ಕಲ್ಲಿನ ಕೋಟೆಗಳು ತಂದೆಯಿಂದ ಮಗನಿಗೆ ಇಳಿಯತೊಡಗಿದ ಮೇಲೆ ಕೋಟೆಯ ಹೆಸರೇ ಕುಲದ ಹೆಸರಾಯಿತು. ಇಂದಿನ ಸ್ವಿಟ್ಜರ್‌ಲೆಂಡಿನ ಆರ್ಗೌನಲ್ಲಿರುವ ಹಾಬ್ಸ್‌ಬರ್ಗ್ ಕೋಟೆ ಇದಕ್ಕೆ ಪ್ರಸಿದ್ಧ ನಿದರ್ಶನ. ಆ ಕೋಟೆಯಿಂದ ಹೆಸರು ಪಡೆದ ಹಾಬ್ಸ್‌ಬರ್ಗ್ ಮನೆತನವೇ ಸ್ಥಾಪಿಸಿದ ಮುರಿ ಮಠದವರು 12ನೇ ಶತಮಾನದಲ್ಲಿ ಅದರ ವಂಶಾವಳಿಯನ್ನು ಬರೆದಾಗ ಅವರಿಗೆ ಸಿಕ್ಕ ಅತ್ಯಂತ ಹಿಂದಿನ ಹೆಸರು 10ನೇ ಶತಮಾನದ ಗುಂಟ್ರಾಮ್. ಮುಂದೆ ಅದೇ ಮನೆತನದ ಮ್ಯಾಕ್ಸಿಮಿಲಿಯನ್ ಚಕ್ರವರ್ತಿಯ ವಂಶಾವಳಿಕಾರರು ಅದನ್ನು ಗ್ರೀಕ್ ಪುರಾಣಕಥೆಯ ವೀರ, ಟ್ರಾಯ್ ನಗರದ ಹೆಕ್ಟರ್‌ವರೆಗೂ ಎಳೆದರು. ಅದನ್ನು ಇತಿಹಾಸವೆಂದು ಓದಬೇಕಾಗಿಲ್ಲ.

ಫ್ರಾನ್ಸಿನಲ್ಲಿ 987ರಲ್ಲಿ ಸಿಂಹಾಸನವೇರಿದ ಹ್ಯೂ ಕ್ಯಾಪೆಟ್‌ನ ಸಂತತಿಯ ನೇರ ಸಾಲು 1328ರವರೆಗೆ ಆಳಿತು. ಇಷ್ಟು ದೊಡ್ಡ ವಂಶದ ವಿಷಯದಲ್ಲಿಯೂ ಖಚಿತವಾದ ಎಳೆ ಅವನ ಮುತ್ತಜ್ಜ, 866ರಲ್ಲಿ ವೈಕಿಂಗರೊಡನೆ ಕಾದಾಡಿ ಮಡಿದ ಬಲಶಾಲಿ ರಾಬರ್ಟ್‌ವರೆಗೆ ಮಾತ್ರ ಹೋಗುತ್ತದೆ. ಅವನ ತಂದೆ ಜರ್ಮನಿಯಿಂದ ಬಂದ ವಿಟಿಕಿನ್ ಎಂದು ರೀಮ್ಸ್‌ನ ರಿಷೇರ್ ಎಂಬ ಸನ್ಯಾಸಿ ಹ್ಯೂನ ಕಾಲದಲ್ಲೇ ಬರೆದ. 20ನೇ ಶತಮಾನದ ವಿದ್ವಾಂಸರು ರೈನ್ ಸೀಮೆಯ ಲೋರ್ಷ್ ಮಠದ ದಾನಪತ್ರಗಳನ್ನು ಶೋಧಿಸಿ, ಅಲ್ಲಿ ರಾಬರ್ಟ್ ಎಂಬ ಹೆಸರನ್ನೇ ಮತ್ತೆ ಮತ್ತೆ ಇಟ್ಟುಕೊಂಡ ಒಂದು ಬಳಗವಿರುವುದನ್ನು ಗಮನಿಸಿ, ಇವನು ಆ ಬಳಗದವನೆಂದು ತರ್ಕಿಸಿದರು. ಇಂದು ಹೆಚ್ಚಿನವರು ಒಪ್ಪುವುದು ಈ ತರ್ಕವನ್ನೇ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಇಲ್ಲಿ ದಾಖಲೆಯ ಕೆಲಸ ಮಾಡಿದೆ. ಆದರೆ ಒಂದೇ ಹೆಸರಿದ್ದವರೆಲ್ಲ ಒಂದೇ ರಕ್ತದವರೆಂದು ಹೊರಟರೆ ದಾರಿ ತಪ್ಪುವುದು ಸುಲಭ.

ವಂಶವನ್ನು ಬರೆದಿಡಲೇಬೇಕಾದ ಒತ್ತಡ ಬಂದದ್ದು ಮದುವೆಯ ಕಟ್ಟಳೆಯಿಂದ. ಏಳು ತಲೆಮಾರಿನೊಳಗೆ ಒಬ್ಬನೇ ಪೂರ್ವಜನಿದ್ದರೆ ಮದುವೆ ಸಲ್ಲದೆಂದು ಚರ್ಚು ವಿಧಿಸಿತ್ತು. 1215ರಲ್ಲಿ ಅದನ್ನು ನಾಲ್ಕಕ್ಕೆ ಇಳಿಸಲಾಯಿತು. ಜರ್ಮನಿಯ ದೊರೆ ಫ್ರೆಡರಿಕ್ ಬಾರ್ಬರೋಸಾ ತನ್ನ ಪತ್ನಿ ಅಡೆಲಾಳೊಂದಿಗಿನ ಮದುವೆಯನ್ನು 1153ರಲ್ಲಿ ರದ್ದುಪಡಿಸಿಕೊಂಡಾಗ ಸಿದ್ಧಪಡಿಸಿದ ಪಟ್ಟಿಯೊಂದು ವಿಬಾಲ್ಡ್ ಎಂಬ ಮಠಾಧಿಪತಿಯ ಪತ್ರಸಂಗ್ರಹದಲ್ಲಿ ಉಳಿದಿದೆ. ಒಡಹುಟ್ಟಿದ ಒಬ್ಬ ಫ್ರೆಡರಿಕ್ ಮತ್ತು ಒಬ್ಬ ಬೆರ್ತಾಳಿಂದ ಹೊರಟ ಎರಡು ಸಾಲುಗಳು, ಒಂದು ದೊರೆಯವರೆಗೆ, ಇನ್ನೊಂದು ಅಡೆಲಾಳವರೆಗೆ, ಇಳಿಯುತ್ತವೆ. ನಡುವೆ ‘ಸ್ಟೌಫನ್ ಕೋಟೆಯನ್ನು ಕಟ್ಟಿದವನು’ ಎಂಬ ಒಂದು ಗುರುತೂ ಇದೆ. ಆ ಕೋಟೆಯಿಂದ ಹೆಸರು ಪಡೆದ ಬಾರ್ಬರೋಸಾನ ವಂಶದ, ಅಂದರೆ ಸ್ಟೌಫರ್ ಚಕ್ರವರ್ತಿಗಳ ಆದಿಪುರುಷರ ವಿಷಯದಲ್ಲಿ ನಮಗಿರುವ ಮುಖ್ಯ ಆಧಾರ, ಮುರಿದುಬಿದ್ದ ಒಂದು ಮದುವೆಗಾಗಿ ಬರೆದ ಈ ಕೆಲವು ಸಾಲುಗಳೇ.

ಪೂರ್ವಜರೆಂದರೆ ಆ ಹಿಂದಿನ ಕಾಲದವರಿಗೆ ಏನಾಗಿತ್ತು ಎಂಬುದನ್ನು ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಿಕೊಟ್ಟವಳು ದುವೋದಾ. ದಕ್ಷಿಣ ಫ್ರಾನ್ಸಿನ ಕರಾವಳಿ ಸೀಮೆಯಾದ ಸೆಪ್ಟಿಮೇನಿಯಾದ ಸಾಮಂತ ಬರ್ನಾರ್ಡ್‌ನ ಪತ್ನಿಯಾದ ಈಕೆ 841ರಿಂದ 843ರ ನಡುವೆ, ದಕ್ಷಿಣ ಫ್ರಾನ್ಸಿನ ಉಜೆಸ್‌ನಲ್ಲಿ ಕುಳಿತು, ದೊರೆಯ ಬಳಿ ಒತ್ತೆಯಂತಿದ್ದ ಹದಿನಾರರ ಮಗ ವಿಲಿಯಂನಿಗಾಗಿ ಬುದ್ಧಿಮಾತಿನ ಪುಸ್ತಕವೊಂದನ್ನು ಬರೆದಳು. ಎರಡನೆಯ ಮಗುವನ್ನು ದೀಕ್ಷಾಸ್ನಾನಕ್ಕೂ ಮೊದಲೇ ತಂದೆಯ ಬಳಿಗೆ ಒಯ್ದಿದ್ದರಿಂದ ಅದರ ಹೆಸರೂ ಆಕೆಗೆ ತಿಳಿದಿರಲಿಲ್ಲ. ಯಾರಿಗಾಗಿ ಪ್ರಾರ್ಥಿಸಬೇಕೆಂದು ಹೇಳುವಾಗ ಆಕೆ ತೀರಿಹೋದ ಬಂಧುಗಳ ಹೆಸರುಗಳನ್ನು ಪಟ್ಟಿ ಮಾಡುತ್ತಾಳೆ: ವಿಲಿಯಂ, ಕುನಿಗುಂಡ್, ಗೆರ್ಬೆರ್ಗಾ, ಥಿಯೋಡೆರಿಕ್ ಮತ್ತಿತರರು. ಅವರೆಲ್ಲ ಗಂಡನ ಕಡೆಯವರು. ಆಸ್ತಿಯನ್ನು ಬಿಟ್ಟುಹೋದವರಿಗಾಗಿ ಪ್ರಾರ್ಥಿಸುವುದು ಅದನ್ನು ಪಡೆದವನ ಕರ್ತವ್ಯ ಎಂಬುದು ಆಕೆ ಕೊಡುವ ಕಾರಣ. ತಾನು ಸತ್ತ ಮೇಲೆ ತನ್ನ ಹೆಸರನ್ನೂ ಆ ಪಟ್ಟಿಗೆ ಸೇರಿಸಬೇಕೆಂದು ಮಗನನ್ನು ಕೇಳಿಕೊಳ್ಳುವ ಆಕೆ ತನ್ನ ತಂದೆತಾಯಿಯ ಹೆಸರನ್ನು ಎಲ್ಲಿಯೂ ಬರೆದಿಲ್ಲ. ಇಂದಿನ ವಂಶವೃಕ್ಷಗಳಲ್ಲಿ ದುವೋದಾಳ ಮೇಲಿನ ಎರಡು ಮನೆಗಳು ಖಾಲಿಯಾಗಿಯೇ ಇವೆ.