ಬರೆಯದ ಮಳೆ ಸೊನ್ನೆಯಲ್ಲ

ಚಿಕ್ಕಮಗಳೂರು ಜಿಲ್ಲೆಯ ಮಳೆ ಎಷ್ಟು ಎಂದು ಒಂದೇ ಅಂಕಿ ಕೊಟ್ಟರೆ ಅದು ಶೃಂಗೇರಿಗೂ ಸಲ್ಲದು, ಕಡೂರಿಗೂ ಸಲ್ಲದು. ಒಂದು ಘಟ್ಟದ ಮಗ್ಗುಲು, ಇನ್ನೊಂದು ಬಯಲುಸೀಮೆ. ಹಾಗಾಗಿ ಮಳೆಮಾಪಕಗಳ ದಿನವಹಿ ಟೇಬಲ್ಲನ್ನು ತಾಲ್ಲೂಕುವಾರು ಗುಂಪು ಮಾಡಿಯೇ ಲೆಕ್ಕ ಹಾಕಬೇಕು. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಇದಕ್ಕಿರುವುದು ಗ್ರೂಪ್ ಬೈ. ನಾವು ತಪ್ಪಾಗಿ ಕೇಳಿದರೂ ಎಷ್ಟೋ ಸಲ ಅದು ಎರರ್ ತೋರಿಸದೆ, ನಂಬುವಂಥ ಅಂಕಿಯನ್ನೇ ಕೊಟ್ಟುಬಿಡುತ್ತದೆ.

ಮೂಡಿಗೆರೆ ತಾಲ್ಲೂಕಿನ ಮೂರು ಮಾಪಕಗಳಲ್ಲಿ ಏಪ್ರಿಲ್ ಮಳೆ 60, 70, 80 ಮಿ.ಮೀ. ಎಂದುಕೊಳ್ಳಿ. ನೇರ ತಾಲ್ಲೂಕಿನ ಮೇಲೆ ಸಮ್ (ಮೊತ್ತ) ಹಾಕಿದರೆ 210. ಅಷ್ಟು ಮಳೆ ಅಲ್ಲಿ ಎಲ್ಲೂ ಬಿದ್ದಿಲ್ಲ! ಒಂದು ಕ್ವೆರಿಯೊಳಗೆ (ಪ್ರಶ್ನೆಯೊಳಗೆ) ಇನ್ನೊಂದನ್ನಿಟ್ಟು, ಒಳಗಿನ ಕ್ವೆರಿಯಲ್ಲಿ ಮಾಪಕವಾರು ಸಮ್, ಹೊರಗಿನದರಲ್ಲಿ ಆ ಮೊತ್ತಗಳ ತಾಲ್ಲೂಕುವಾರು ಎವಿಜಿ (ಸರಾಸರಿ) ಹಾಕಿದರೆ 70 ಬರುತ್ತದೆ. ಗುಂಪು ಮಾಡಲು ತಾಲ್ಲೂಕಿನ ಕೋಡ್ ಬಳಸಿ. ಹೆಸರು ಬಳಸಿದರೆ ‘ಎನ್.ಆರ್. ಪುರ’, ‘ನರಸಿಂಹರಾಜಪುರ’ ಎರಡು ಗುಂಪಾಗುತ್ತವೆ.

ಇದಕ್ಕಿಂತ ಸೂಕ್ಷ್ಮವಾದದ್ದು ಅಳತೆ ಬರೆಯದೆ ಬಿಟ್ಟ ದಿನ. ಒಂದು ಮಾಪಕಕ್ಕೆ ಏಪ್ರಿಲ್‌ನಲ್ಲಿ ದಿನಕ್ಕೊಂದರಂತೆ ಇರುವ 30 ಸಾಲುಗಳಲ್ಲಿ 10 ಮಾತ್ರ ತುಂಬಿವೆ, ಒಟ್ಟು 50 ಮಿ.ಮೀ.; ಉಳಿದ 20 ನಲ್, ಅಂದರೆ ಖಾಲಿ. ಎವಿಜಿ ನಲ್‌ಗಳನ್ನು ಬಿಟ್ಟು ದಿನಕ್ಕೆ 5 ಎನ್ನುತ್ತದೆ. ಕೋಅಲೆಸ್‌ನಿಂದ ಆ ನಲ್‌ಗಳ ಜಾಗಕ್ಕೆ ಸೊನ್ನೆ ತುಂಬಿದರೆ ಸುಮಾರು 1.67. ಎರಡನ್ನೂ ನಂಬುವಂತಿಲ್ಲ: ಕಾಫಿಯ ಹೂಮಳೆ ಸುರಿದದ್ದು ಆ 20 ದಿನಗಳಲ್ಲೇ ಇರಬಹುದು. ಕೌಂಟ್(*) ಸಾಲುಗಳನ್ನು ಎಣಿಸಿ 30 ಎನ್ನುತ್ತದೆ, ಮಳೆ ಬರೆದಿಟ್ಟ ಮಿಮೀ ಕಾಲಂ ಮೇಲಿನ ಕೌಂಟ್(ಮಿಮೀ) ಅಳತೆಗಳನ್ನು ಎಣಿಸಿ 10 ಎನ್ನುತ್ತದೆ. ಆದ್ದರಿಂದ ಒಳಗಿನ ಕ್ವೆರಿಗೆ ಗುಂಪುಗಳನ್ನು ಸೋಸುವ ‘ಹ್ಯಾವಿಂಗ್ ಕೌಂಟ್(ಮಿಮೀ) = 30’ ಸೇರಿಸಿ, ಅರೆಬರೆ ಮಾಪಕಗಳನ್ನು ಬೇರೆ ಪಟ್ಟಿಯಾಗಿ ತೋರಿಸುವುದು ಪ್ರಾಮಾಣಿಕ ಕ್ರಮ. ಆ ದಿನಗಳ ಸಾಲೇ ಇಲ್ಲದಿದ್ದರೆ ಎರಡು ಕೌಂಟೂ 10 ಎಂದೇ ಹೇಳುತ್ತವೆ. ಹೋಲಿಸಬೇಕಾದದ್ದು ತಿಂಗಳ ದಿನಗಳ ಜೊತೆ.

ಮಳೆ ದಿನಗಳನ್ನು ಎಣಿಸುವಾಗ ಇನ್ನೊಂದು ತೊಡಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಅದು ಮಳೆ ದಿನ. ‘ವೇರ್ ಮಿಮೀ >= 2.5’ ಎಂದು ಬರೆದರೆ ಗುಂಪಾಗುವ ಮೊದಲೇ ಸಾಲುಗಳು ಜಾರಿಹೋಗುತ್ತವೆ. ಫೆಬ್ರುವರಿಯಲ್ಲಿ ಒಂದೂ ಮಳೆ ದಿನ ಕಾಣದ ಕಡೂರಿನ ಮಾಪಕ ಫಲಿತಾಂಶದಿಂದಲೇ ಕಾಣೆ. ವೇರ್ ಬಿಟ್ಟು ‘ಸಮ್(ಕೇಸ್ ವೆನ್ ಮಿಮೀ >= 2.5 ದೆನ್ 1 ಎಲ್ಸ್ 0 ಎಂಡ್)’ ಎಂದು ಮಳೆ ದಿನಕ್ಕೆ 1, ಉಳಿದವಕ್ಕೆ 0 ಹಾಕಿ ಕೂಡಿದರೆ ಆ ಮಾಪಕ 0 ಎಂಬ ಅಂಕಿಯೊಡನೆ ಪಟ್ಟಿಯಲ್ಲಿ ಉಳಿಯುತ್ತದೆ. ಇಲ್ಲೂ ಎಲ್ಸ್ ನಲ್ ಅನ್ನು ಸೊನ್ನೆ ಮಾಡುತ್ತದೆ, ಹಾಗಾಗಿ ಪಕ್ಕದಲ್ಲೇ ಕೌಂಟ್(ಮಿಮೀ) ಕಾಲಂ ಇರಲಿ.