ತರಗು ಬೆಂಕಿ ಆರಿದ ಮೇಲೆ

ಬೇಸಿಗೆ ಏರುತ್ತಿದ್ದಂತೆ ಬಿಳಿಗಿರಿರಂಗನ ಬೆಟ್ಟದ ಒಣಕಾಡು ಎಲೆ ಉದುರಿಸಿ ನಿಲ್ಲುತ್ತದೆ. ದಿಂಡಿಗ, ಮತ್ತಿ, ಹೊನ್ನೆ, ಕಕ್ಕೆಗಳೆಲ್ಲ ಬರೀ ಕೊಂಬೆ. ನೋಡಿದವರಿಗೆ ಸತ್ತ ಕಾಡೆನಿಸುವುದರಿಂದಲೋ ಏನೋ, ಗಿಡಮರ ಉಳಿಸುವ ಮಾತು ಬಂದಾಗ ನಮ್ಮ ಮನಸ್ಸು ಮಲೆನಾಡಿನ ನಿತ್ಯಹರಿದ್ವರ್ಣದ ಕಡೆಗೇ ಓಡುತ್ತದೆ. ಆದರೆ ಒಣಕಾಡಿನ ಸಂಪತ್ತು ಬರೀ ಮರಗಳಲ್ಲಿಲ್ಲ. ಮರಗಳ ನಡುವೆ ಬಿಸಿಲು ಬೀಳುವ ನೆಲದಲ್ಲಿ ಹುಲ್ಲಿದೆ, ಮೊದಲ ಮಳೆಗೆ ಚಿಗುರುವ ಗೆಡ್ಡೆಗಳಿವೆ, ನಾಳೆ ಮರವಾಗಬೇಕಾದ ಸಸಿಗಳಿವೆ. ಪೆಟ್ಟು ಬಿದ್ದಿರುವುದು ಈ ನೆಲಕ್ಕೆ.

ಇಲ್ಲಿನ ಬುಡಕಟ್ಟಿನವರಾದ ಸೋಲಿಗರು ತಲೆಮಾರುಗಳಿಂದ ತರಗು ಬೆಂಕಿ ಹಾಕುತ್ತಿದ್ದರು. ಬಿಸಿಲು ಬಲಿಯುವ ಮುಂಚೆ, ನೆಲದಲ್ಲಿ ಇನ್ನೂ ಪಸೆ ಇರುವಾಗಲೇ ಉದುರಿದ ಎಲೆಗೆ ಕಿಡಿ ಮುಟ್ಟಿಸುವುದು. ಬೆಂಕಿ ನೆಲ ಹಿಡಿದು ಸಾಗಿ ತರಗನ್ನು ಸುಟ್ಟು ಆರುತ್ತಿತ್ತು, ದೊಡ್ಡ ಮರ ಉಳಿಯುತ್ತಿತ್ತು, ಮಳೆ ಬಿದ್ದಾಗ ಹೊಸ ಹುಲ್ಲು ಬರುತ್ತಿತ್ತು. ನೆಲ್ಲಿಮರದ ರಸ ಹೀರುವ ಬಂದಳಿಕೆಯನ್ನು ಅವರು ಉಪ್ಪಿಲು ಎನ್ನುತ್ತಾರೆ. ಅದನ್ನು ಹತೋಟಿಯಲ್ಲಿ ಇಡುತ್ತಿದ್ದುದೂ ಈ ಬೆಂಕಿಯೇ ಎಂಬುದು ಅವರ ಅನುಭವದ ಮಾತು.

ಬ್ರಿಟಿಷರ ಕಾಲದಿಂದಲೂ ಅರಣ್ಯ ಇಲಾಖೆಗೆ ಬೆಂಕಿ ಎಂದರೆ ಮರಮುಟ್ಟಿನ ನಷ್ಟ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಕಾಡೊಳಗೆ ಜಾಗ ಬದಲಿಸುತ್ತ ಬೇಸಾಯ ಮಾಡುತ್ತಿದ್ದ ಸೋಲಿಗರು ಪೋಡು ಎಂಬ ಹಾಡಿಗಳಲ್ಲಿ ನೆಲೆನಿಲ್ಲಬೇಕಾಯಿತು. ತರಗು ಬೆಂಕಿ ಅಪರಾಧವಾಯಿತು.

ಅಷ್ಟರಲ್ಲಿ ಲಂಟಾನ ಕಾಡಿನೊಳಗೆ ಕಾಲಿಟ್ಟಾಗಿತ್ತು. ಅಮೆರಿಕ ಖಂಡದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಚೆಂದಕ್ಕೆಂದು ತಂದರು. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಎಲ್ಲೆಡೆ ಹರಡಿದವು. ಬಿಳಿಗಿರಿಯಲ್ಲಿ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಸಂಶೋಧಕರು 1997ರಲ್ಲಿ ಗುರುತು ಮಾಡಿದ್ದ ತಾಕುಗಳನ್ನೇ 2008ರಲ್ಲಿ ಮತ್ತೆ ಎಣಿಸಿದರು. ಮೊದಲ ಸಲ ಶೇ 41ರಷ್ಟು ತಾಕುಗಳಲ್ಲಿದ್ದ ಲಂಟಾನ ಎರಡನೇ ಸಲ ಶೇ 81ರಲ್ಲಿತ್ತು. ಇಪ್ಪತ್ತು ಕಾಂಡಕ್ಕೆ ಒಂದು ಲಂಟಾನವಿದ್ದ ಕಾಡಿನಲ್ಲಿ ಮೂರಕ್ಕೆ ಒಂದಾಗಿತ್ತು. ಹನ್ನೊಂದೇ ವರ್ಷ! ಪೊದೆಯಡಿ ಹುಲ್ಲಿಗೆ ಬೆಳಕಿಲ್ಲ, ಸಸಿಗೆ ಜಾಗವಿಲ್ಲ.

ಹಾಗಾದರೆ ಲಂಟಾನವನ್ನು ತಡೆಯಲು ಹಳೆಯ ಬೆಂಕಿಯನ್ನೇ ಮತ್ತೆ ಹಾಕಿದರಾಯಿತೇ? ಅಷ್ಟು ಸುಲಭವಿಲ್ಲ. ಈಗ ಕಿಡಿ ಬಿದ್ದರೆ ಅದು ತರಗು ಬೆಂಕಿಯಾಗಿ ಉಳಿಯುವುದಿಲ್ಲ. ಒಣಗಿದ ಪೊದೆ ಏಣಿಯಾಗಿ ಜ್ವಾಲೆಯನ್ನು ಮರದ ತಲೆಗೆ ಏರಿಸುತ್ತದೆ. 2019ರ ಫೆಬ್ರವರಿಯಲ್ಲಿ ನೆರೆಯ ಬಂಡೀಪುರ ಹೊತ್ತಿ ಉರಿದಾಗಲೂ ಲಂಟಾನದ ಮಾತು ಮತ್ತೆ ಮತ್ತೆ ಕೇಳಿಬಂತು. ಸುಟ್ಟರೂ ಅದು ಬುಡದಿಂದ ಚಿಗುರುತ್ತದೆ. ದಶಕಗಳ ಕಾಲ ಬೆಂಕಿಯನ್ನು ತಡೆದ ಮೇಲೆ ನಮಗೆ ಉಳಿದಿರುವುದು ಇನ್ನೂ ದೊಡ್ಡ ಬೆಂಕಿಯ ಭಯ ಎಂಬುದು ನನ್ನನ್ನು ಬಹಳ ಕಾಡುತ್ತದೆ.

2011ರ ಜನವರಿಯಲ್ಲಿ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು. ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕೂ ಈ ಕಾಯ್ದೆಯಲ್ಲಿದೆ. ಅದನ್ನು ಜೇನು, ನೆಲ್ಲಿ ತರುವ ಪರವಾನಗಿಯ ಮಟ್ಟಕ್ಕೆ ಇಳಿಸಬಾರದು. ಲಂಟಾನವನ್ನು ಬೇರುಸಮೇತ ಕೀಳಬೇಕು. ಮರುವರ್ಷ ಅದೇ ಜಾಗಕ್ಕೆ ಹೋಗಿ ಬೀಜದಿಂದ ಎದ್ದ ಸಸಿ ಕೀಳಬೇಕು, ಅದರ ಮರುವರ್ಷವೂ ಹೋಗಬೇಕು. ಹುಲ್ಲು ಮತ್ತೆ ನೆಲ ಹಿಡಿದ ತುಂಡುಗಳಲ್ಲಿ, ಯಾವ ವಾರ, ಯಾವ ಗಾಳಿಗೆ ಕಿಡಿ ಮುಟ್ಟಿಸಬಹುದು ಎಂಬುದನ್ನು ಪೋಡಿನ ಹಿರಿಯರನ್ನು ಕೂರಿಸಿಕೊಂಡು ಕೇಳಬೇಕು. ಆ ಬೆಂಕಿಯನ್ನು ಕೈಯಾರೆ ಹಾಕಿದವರಿಗೆ ಈಗ ವಯಸ್ಸಾಗಿದೆ.