ಕೀಚಕ ಸತ್ತರೆ ಸರ್ಕಾರಕ್ಕೆ ಯಾಕೆ ಸಿಟ್ಟು?

ರಂಗ ಇತಿಹಾಸದ ಪಾಠ ಮಾಡುವಾಗ ಹುಡುಗರಿಂದ ತಪ್ಪದೆ ಬರುವ ಪ್ರಶ್ನೆ ಒಂದಿದೆ. ನಮ್ಮ ಹಳೆಯ ನಾಟಕದವರಿಗೆ ಪುರಾಣ ಬಿಟ್ಟರೆ ಬೇರೆ ಏನೂ ಕಾಣಲೇ ಇಲ್ವಾ? ಹೊರಗೆ ಬರ, ಪ್ಲೇಗು, ಚಳವಳಿ ಎಲ್ಲ ನಡೆಯುತ್ತಿದ್ದಾಗ ಇವರು ಕಿರೀಟ ಇಟ್ಟುಕೊಂಡು ಕುರುಕ್ಷೇತ್ರ ಆಡುತ್ತಿದ್ದರಲ್ಲ, ಅದು ಭಯವೋ ಭಕ್ತಿಯೋ? ಪ್ರಶ್ನೆಯಲ್ಲಿ ಸ್ವಲ್ಪ ತಾತ್ಸಾರವೂ ಇರುತ್ತದೆ. ನನಗೆ ಬೇಜಾರಿಲ್ಲ. ಆದರೆ ಉತ್ತರ ಹೇಳಬೇಕಾದರೆ ಕಲ್ಕತ್ತೆಯಿಂದಲೇ ಶುರು ಮಾಡಬೇಕು.

1860ರಲ್ಲಿ ದೀನಬಂಧು ಮಿತ್ರ ಬಂಗಾಳಿಯಲ್ಲಿ 'ನೀಲ್ ದರ್ಪಣ' ಬರೆದರು. ಬಿಳಿಯ ತೋಟಗಾರರು ರೈತರಿಂದ ಒತ್ತಾಯದಿಂದ ನೀಲಿ ಬೆಳೆಸುತ್ತಿದ್ದ ಕಥೆ ಅದು. ಮರುವರ್ಷ ಅದರ ಇಂಗ್ಲಿಷ್ ಅನುವಾದ ಹೊರತಂದ ಪಾದ್ರಿ ಜೇಮ್ಸ್ ಲಾಂಗ್‌ಗೆ ಒಂದು ತಿಂಗಳ ಜೈಲು, ಸಾವಿರ ರೂಪಾಯಿ ದಂಡ ಬಿತ್ತು. ದಂಡದ ಹಣವನ್ನು ಕಾಲೀಪ್ರಸನ್ನ ಸಿಂಹ ಎಂಬ ಬಂಗಾಳಿ ಲೇಖಕರು ಕಟ್ಟಿದರು. 1872ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯ ನ್ಯಾಷನಲ್ ಥಿಯೇಟರ್ ಟಿಕೆಟ್ ಇಟ್ಟು ಸಾರ್ವಜನಿಕರಿಗೆ ನಾಟಕ ಆಡಲು ಶುರುಮಾಡಿದಾಗ ಮೊದಲು ಆಡಿದ್ದೂ ಇದನ್ನೇ.

ನಿಜವಾದ ಗಲಾಟೆ ಆದದ್ದು ಇದೇ ನಾಟಕವನ್ನು ಲಖನೌದಲ್ಲಿ ಆಡಿದಾಗ, 1875ರಲ್ಲಿ. ನಟಿ ವಿನೋದಿನಿ ದಾಸಿ ತಮ್ಮ ಆತ್ಮಕಥೆಯಲ್ಲಿ ಅದನ್ನು ಬರೆದಿದ್ದಾರೆ. ಕ್ಷೇತ್ರಮಣಿ ಎಂಬ ರೈತ ಹೆಣ್ಣುಮಗಳ ಮೇಲೆ ತೋಟದ ಸಾಹೇಬ ಕೈಹಾಕುತ್ತಾನೆ. ತೋರಾಪ್ ಎಂಬ ಮುಸ್ಲಿಂ ರೈತ ನುಗ್ಗಿ ಬಂದು ಸಾಹೇಬನಿಗೆ ಹೊಡೆಯುತ್ತಾನೆ. ಆ ಹೊಡೆತಕ್ಕೆ ಪ್ರೇಕ್ಷಕರ ನಡುವೆ ಕೂತಿದ್ದ ಯುರೋಪಿಯನ್ನರು ಎದ್ದು ರಂಗದ ಮೇಲೇ ನುಗ್ಗಿದರು. ನಾಟಕ ನಿಂತಿತು, ತಂಡ ಊರು ಬಿಟ್ಟಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಪುಸ್ತಕ ಬಂದು ಹದಿನೈದು ವರ್ಷ ಆಗಿತ್ತು. ಓದಿದವರಿಗೆ ತೋರಾಪ್ ಹೊಡೆಯುತ್ತಾನೆ ಎಂಬುದು ಹೊಸ ವಿಷಯವೇನಲ್ಲ. ಆದರೆ ಓದುವುದು ಬೇರೆ, ಒಬ್ಬ ಕಪ್ಪು ಮೈಯ ನಟ ಸಾಹೇಬನ ಕೋಟು ಹಿಡಿದು ಎಳೆದು ನೂರಾರು ಜನರ ಮುಂದೆ ಬಾರಿಸುವುದನ್ನು ನೋಡುವುದು ಬೇರೆ. ಪಕ್ಕದಲ್ಲಿ ಕೂತವನು ಚಪ್ಪಾಳೆ ಹೊಡೆಯುತ್ತಾನೆ, ಅದು ನಿಮ್ಮ ಕಿವಿಗೆ ಬೀಳುತ್ತದೆ. ಸರ್ಕಾರಕ್ಕೆ ದಿಗಿಲು ಹುಟ್ಟಿಸಿದ್ದು ಆ ಚಪ್ಪಾಳೆ.

ಮುಂದಿನದು ಬೇಗ ಬೇಗ ನಡೆಯಿತು. ಬ್ರಿಟಿಷ್ ಯುವರಾಜ ಕಲ್ಕತ್ತೆಗೆ ಬಂದಾಗ ಜಗದಾನಂದ ಮುಖರ್ಜಿ ಎಂಬ ವಕೀಲರು ತಮ್ಮ ಮನೆಯ ಹೆಂಗಸರಿಂದಲೇ ಅವನಿಗೆ ಸ್ವಾಗತ ಕೊಡಿಸಿದರು. ಊರೆಲ್ಲ ನಕ್ಕಿತು. ಗ್ರೇಟ್ ನ್ಯಾಷನಲ್ ಥಿಯೇಟರ್ ಆ ನಗುವನ್ನೇ ಪ್ರಹಸನ ಮಾಡಿತು. ಪೊಲೀಸರು ತಡೆದರು. ತಂಡ ಹೆಸರು ಬದಲಿಸಿ ಮತ್ತೆ ಆಡಿತು. ಅದನ್ನೂ ತಡೆದಾಗ ಪೊಲೀಸ್ ಅಧಿಕಾರಿಗಳಾದ ಹಾಗ್ ಮತ್ತು ಲ್ಯಾಂಬ್ ಅವರ ಹೆಸರನ್ನೇ ಹಿಡಿದು 'ಹಂದಿ ಕುರಿಗಳ ಪೊಲೀಸು' ಎಂಬರ್ಥದ ಹೊಸ ಪ್ರಹಸನ ಬಂತು. ಸರ್ಕಾರದ ತಾಳ್ಮೆ ಅಲ್ಲಿಗೆ ಮುಗಿಯಿತು. 1876ರ ಫೆಬ್ರವರಿ ಕೊನೆಗೆ ವೈಸರಾಯ್ ನಾರ್ತ್‌ಬ್ರೂಕ್ ಸುಗ್ರೀವಾಜ್ಞೆ ತಂದ. ಡಿಸೆಂಬರ್‌ನಲ್ಲಿ ಅದು ನಾಟಕ ಪ್ರದರ್ಶನ ಕಾಯ್ದೆಯಾಯಿತು.

ಈ ಕಾಯ್ದೆ ತೀರಾ ಚಿಕ್ಕದು. ನಾಟಕದವರು ಇದನ್ನು ಒಮ್ಮೆ ಓದಬೇಕು ಎಂದು ನಾನು ಒತ್ತಾಯ ಮಾಡುತ್ತೇನೆ. ಮಾನ ಕಳೆಯುವ, ಸರ್ಕಾರದ ಮೇಲೆ ಅಸಮಾಧಾನ ಹುಟ್ಟಿಸುವ, ನೋಡುವವರ ನೀತಿ ಕೆಡಿಸುವ ನಾಟಕವನ್ನು ನಿಲ್ಲಿಸಬಹುದು. ಆಡಿದವರಿಗೆ ಮೂರು ತಿಂಗಳವರೆಗೆ ಜೈಲು. ಜಾಗ ಕೊಟ್ಟವರಿಗೂ ಅದೇ. ನಿಷೇಧ ಗೊತ್ತಿದ್ದೂ ಬಂದು ಕೂತ ಪ್ರೇಕ್ಷಕನಿಗೂ ಅದೇ! ಪೊಲೀಸರು ಒಳನುಗ್ಗಿ ಪರದೆ, ಪೋಷಾಕು ಎಲ್ಲ ಹೊತ್ತೊಯ್ಯಬಹುದು. ಸರ್ಕಾರ ಗುರುತಿಸಿದ ಊರುಗಳಲ್ಲಿ ಲೈಸೆನ್ಸ್ ಬೇಕು, ಮೂರು ದಿನ ಮೊದಲೇ ನಾಟಕದ ಪ್ರತಿ ಒಪ್ಪಿಸಬೇಕು. ಮೂಕಾಭಿನಯವಾದರೆ ಅದರ ತಾತ್ಪರ್ಯವನ್ನು ಬರೆದು ಕೊಡಬೇಕು. ಕಾನೂನು ಬರೆದವರು ದಡ್ಡರಲ್ಲ ನೋಡಿ. ಮಾತಿಲ್ಲದೆಯೂ ನಟ ಮಾತಾಡುತ್ತಾನೆ ಎಂದು ಅವರಿಗೆ ಗೊತ್ತಿತ್ತು.

ಆದರೆ ಕೊನೆಯ ಕಲಮಿನಲ್ಲಿ ಒಂದು ಕಿಂಡಿ ಬಿಟ್ಟರು. ಧಾರ್ಮಿಕ ಹಬ್ಬಗಳಲ್ಲಿ ನಡೆಯುವ ಜಾತ್ರಾ ಮತ್ತು ಅಂಥ ಆಟಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಜಾತ್ರಾ ಎಂದರೆ ಬಂಗಾಳದ ಬಯಲಾಟ ಅಂದುಕೊಳ್ಳಿ. ಜನರ ದೇವರ ತಂಟೆಗೆ ಹೋಗಬಾರದು ಎಂಬ ಪಾಠವನ್ನು ಬ್ರಿಟಿಷರು 1857ರಲ್ಲೇ ಕಲಿತಿದ್ದರು. ಟಿಕೆಟ್ ನಾಟಕಕ್ಕೆ ಈ ವಿನಾಯಿತಿ ಸಿಗುತ್ತಿರಲಿಲ್ಲ, ನಿಜ. ಆದರೆ ದೇವರ ಕಥೆ ಆಡಿದರೆ ಸಾಹೇಬರು ಕೈಹಾಕಲು ಹಿಂದೆಮುಂದೆ ನೋಡುತ್ತಾರೆ ಎಂಬ ಸುಳಿವು ನಾಟಕದವರಿಗೆ ಸಾಕಾಯಿತು. ಬಂಗಾಳದ ರಂಗಭೂಮಿ ಪುರಾಣ, ಭಕ್ತಿ ಕಡೆ ಹೊರಳಿತು. 1884ರಲ್ಲಿ ಗಿರೀಶ್‌ಚಂದ್ರ ಘೋಷರ 'ಚೈತನ್ಯಲೀಲಾ' ನೋಡಲು ರಾಮಕೃಷ್ಣ ಪರಮಹಂಸರೇ ಬಂದರು. ಅದೇ ವಿನೋದಿನಿ ಅಲ್ಲಿ ಚೈತನ್ಯನಾಗಿ ನಿಂತಿದ್ದರು.

ಇನ್ನು ಕೀಚಕ. ಬಾಲಗಂಗಾಧರ ತಿಲಕರ 'ಕೇಸರಿ' ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದ ಕೃಷ್ಣಾಜಿ ಪ್ರಭಾಕರ ಖಾಡಿಲ್ಕರ್ 1907ರಲ್ಲಿ ಮರಾಠಿಯಲ್ಲಿ 'ಕೀಚಕ ವಧ' ಬರೆದರು. ಕಥೆ ನಮಗೆಲ್ಲ ಗೊತ್ತಿರುವುದೇ. ಕುಮಾರವ್ಯಾಸನ ವಿರಾಟಪರ್ವದಲ್ಲಿದೆ, ಯಕ್ಷಗಾನದಲ್ಲಿ ಪ್ರಸಂಗವಾಗಿದೆ. ಖಾಡಿಲ್ಕರ್ ನಾಟಕದಲ್ಲಿ ಒಂದು ಕಡೆಯೂ ಬ್ರಿಟಿಷರ ಹೆಸರಿಲ್ಲ. ಆದರೂ ನೋಡಲು ಬಂದವರಿಗೆ ಕೀಚಕ ಎಂದರೆ ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್, ದ್ರೌಪದಿ ಎಂದರೆ ಭಾರತ. ತಾಳ್ಮೆ ಇರಲಿ ಎನ್ನುವ ಧರ್ಮರಾಯ ಕಾಂಗ್ರೆಸ್ಸಿನ ಮಂದಗಾಮಿ, ಮುಗಿಸಿಬಿಡೋಣ ಎನ್ನುವ ಭೀಮ ತಿಲಕರ ಕಡೆಯವನು. ಲಂಡನ್ನಿನ ಪತ್ರಿಕೆಗೂ ಇದು ಅರ್ಥವಾಯಿತು. 1910ರಲ್ಲಿ ಬಾಂಬೆ ಸರ್ಕಾರ ನಾಟಕವನ್ನು ನಿಷೇಧಿಸಿತು.

ನಿರ್ದೇಶಕನ ಕಣ್ಣಿಂದ ನೋಡಿದರೆ ಇದು ಹೇಗೆ ಕೆಲಸ ಮಾಡುತ್ತದೆ ಎಂಬುದು ಬಹಳ ಸರಳ. ಪುರಾಣದ ಕಥೆ ಪ್ರೇಕ್ಷಕನಿಗೆ ಮೊದಲೇ ಗೊತ್ತು. ಮುಂದೇನಾಗುತ್ತದೆ ಎಂಬ ಕುತೂಹಲದ ಹಂಗು ಅವನಿಗಿಲ್ಲ. ಹಾಗಾಗಿ ಅವನ ಗಮನ ಪೂರ್ತಿ 'ಹೇಗೆ' ಎಂಬುದರ ಮೇಲಿರುತ್ತದೆ. ಕೀಚಕ ಒಳಗೆ ಬರುವಾಗ ಒಂದು ಕ್ಷಣ ನಿಂತು ಇಡೀ ಸಭೆ ಎದ್ದುನಿಲ್ಲಲಿ ಎಂದು ಕಾದರೆ ಸಾಕು, ಜನ ಗುರುತು ಹಿಡಿಯುತ್ತಾರೆ. ಠಾಣೆಗೆ ಕೊಟ್ಟ ಪ್ರತಿಯಲ್ಲಿ ಇರುವುದು 'ಕೀಚಕನ ಪ್ರವೇಶ' ಎಂಬ ಎರಡು ಪದ ಮಾತ್ರ. ರಿಹರ್ಸಲ್‌ನಲ್ಲಿ ಹುಡುಗರಿಗೆ ಒಂದೇ ಮಾತನ್ನು ಮೂರು ಥರ ಆಡಿಸಿ ನೋಡುತ್ತೇನೆ. ಮೂರನೆಯ ಸಲ ಯಾರೋ ಒಬ್ಬರು ನಗುತ್ತಾರೆ. ಯಾರ ನೆನಪಾಯಿತು ಎಂದು ಕೇಳಿದರೆ ಈಗಿನ ಯಾವುದೋ ಮಂತ್ರಿಯ ಹೆಸರು ಬರುತ್ತದೆ. ಇದನ್ನು ಯಾವ ಸೆನ್ಸಾರ್ ಕತ್ತರಿಸುತ್ತದೆ ಹೇಳಿ?

ಕನ್ನಡದ ಕಡೆ ಬಂದರೆ ಚಿತ್ರ ಒಂದೇ ಥರ ಇಲ್ಲ. ನಾಡೇ ಹರಿದು ಹಂಚಿಹೋಗಿತ್ತು. ಮೈಸೂರಲ್ಲಿ ಚಾಮರಾಜೇಂದ್ರ ಒಡೆಯರ ಅರಮನೆ ತಾನೇ ನಾಟಕ ಸಭೆ ಕಟ್ಟಿತ್ತು, ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರು. ಅನ್ನ ಹಾಕುವ ಅರಮನೆಯ ಮುಂದೆ ರಾಜಕೀಯ ಮಾತಾಡುವವರು ಕಡಿಮೆ. ಬಾಂಬೆ ಪ್ರಾಂತ್ಯದಲ್ಲಿದ್ದ ಧಾರವಾಡ, ಗದಗ, ಬೆಳಗಾವಿ ಕಡೆಯ ರಾಜಕೀಯವೇ ಬೇರೆ. ಅಲ್ಲಿ ಮರಾಠಿ ಕಂಪನಿಗಳ ಅಬ್ಬರ. ಗದಗದಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದ್ದೇ ಅದಕ್ಕೆ ಎದುರಾಗಿ. ತಮಾಷೆ ಎಂದರೆ ಮರಾಠಿ ನಾಟಕದ ಮೂಲಪುರುಷ ಎನಿಸಿದ ಸಾಂಗಲಿಯ ವಿಷ್ಣುದಾಸ ಭಾವೆಗೆ 1843ರಲ್ಲಿ 'ಸೀತಾ ಸ್ವಯಂವರ' ಆಡಲು ಹುಮ್ಮಸ್ಸು ಬಂದದ್ದೇ ನಮ್ಮ ಉತ್ತರ ಕನ್ನಡದ ಆಟದ ಮೇಳದಿಂದ. ಶಾಂತಕವಿಗಳು ಬರೆದ 'ಉಷಾಹರಣ' ಪುರಾಣದ ಕಥೆಯೇ. ಆದರೆ ಮರಾಠಿ ಮೆರೆಯುತ್ತಿದ್ದ ಊರಲ್ಲಿ ಅದನ್ನು ಕನ್ನಡದಲ್ಲಿ ಆಡುವುದೇ ರಾಜಕೀಯವಾಗಿತ್ತು. ಏಕೀಕರಣದ ಹಾಡು 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಬರೆದ ಹುಯಿಲಗೋಳ ನಾರಾಯಣರಾಯರೂ ಗದಗದ ನಾಟಕಕಾರರೇ ಎಂಬುದನ್ನು ಇಲ್ಲಿ ಸೇರಿಸಿಕೊಳ್ಳಿ.

ಹಾಗಂತ ಪ್ರತಿ ಪೌರಾಣಿಕ ನಾಟಕದ ಹಿಂದೆ ಬ್ರಿಟಿಷ್ ವಿರೋಧ ಹುಡುಕಬೇಡಿ. ಕಂಪನಿ ಮಾಲೀಕರು ಸಂಬಳ ಕೊಡಬೇಕಿತ್ತು. ಕ್ಯಾಂಪ್ ಹಾಕಿದ ಊರಲ್ಲಿ ಟಿಕೆಟ್ ಹೋಗಬೇಕಿತ್ತು. ಗುಬ್ಬಿ ಕಂಪನಿ 'ಕುರುಕ್ಷೇತ್ರ'ಕ್ಕೆ ರಂಗದ ಮೇಲೆ ನಿಜವಾದ ಆನೆ ತಂದದ್ದು ಜನ ಬಾಯಿಬಿಟ್ಟು ನೋಡಲಿ ಎಂದೇ. ಕಂಪನಿ ನಾಟಕದ ರಾಜಕೀಯ ಇದ್ದದ್ದು ಹಾಸ್ಯಪಾತ್ರದಲ್ಲಿ. 'ಸದಾರಮೆ'ಯ ಕಳ್ಳನಾಗಿ ಗುಬ್ಬಿ ವೀರಣ್ಣ ಬಂದರೆ ಅವತ್ತಿನ ಮಾತು ಅವತ್ತಿಗೇ ಹುಟ್ಟುತ್ತಿತ್ತು. ಮೊಮ್ಮಗಳು ಬಿ. ಜಯಶ್ರೀ ಅದೇ ಕಳ್ಳನ ಪಾತ್ರವನ್ನು ಅದೇ ಧಾಟಿಯಲ್ಲಿ ಮುಂದುವರಿಸಿದರು. ಬರೆಯದೇ ಇದ್ದ ಮಾತನ್ನು ಮೂರು ದಿನ ಮೊದಲು ಒಪ್ಪಿಸುವುದು ಹೇಗೆ?

ಸ್ವಾತಂತ್ರ್ಯ ಬಂದ ಮೇಲೆ ಈ ಕಾಯ್ದೆ ಕಸದ ಬುಟ್ಟಿ ಸೇರಿರಬೇಕು ಅಂದುಕೊಂಡಿರಾ? ಇಲ್ಲ. 1953ರಲ್ಲಿ ಮತ್ತೆ ಅದೇ ಲಖನೌದಲ್ಲಿ ಎಡಪಂಥೀಯ ಕಲಾವಿದರ ಸಂಘಟನೆಯಾದ ಇಪ್ಟಾದ ತಂಡ ಆಡಿದ ನಾಟಕಕ್ಕೆ ಅದೇ ಕಾಯ್ದೆ ಹಿಡಿದು ಕೇಸು ಹಾಕಿದರು. ನಾಟಕ ಯಾವುದು ಗೊತ್ತಾ? ಹಬ್ಬದ ಕಾಸಲ್ಲಿ ಆಟಿಕೆ ಬಿಟ್ಟು ಅಜ್ಜಿಗೆ ಇಕ್ಕಳ ಕೊಳ್ಳುವ ಹುಡುಗನ ಕಥೆ, ಪ್ರೇಮಚಂದರ 'ಈದ್‌ಗಾಹ್'. 1956ರಲ್ಲಿ ಅಲಹಾಬಾದ್ ಹೈಕೋರ್ಟ್ ಈ ಕಾಯ್ದೆ ಸಂವಿಧಾನಕ್ಕೆ ಹೊಂದುವುದಿಲ್ಲ ಎಂದಿತು. ಆದರೂ ರಾಜ್ಯಗಳು ತಮ್ಮ ತಮ್ಮ ಕಾಯ್ದೆ ಮಾಡಿಕೊಂಡವು. ಆಗ ಮೈಸೂರು ಎನಿಸಿಕೊಂಡಿದ್ದ ನಮ್ಮ ರಾಜ್ಯವೂ 1964ರಲ್ಲಿ ಒಂದನ್ನು ಮಾಡಿತು.

ಗಿರೀಶ ಕಾರ್ನಾಡರ 'ತುಘಲಕ್' ಬಂದದ್ದೂ ಅದೇ 1964ರಲ್ಲಿ. ಹದಿನಾಲ್ಕನೇ ಶತಮಾನದ ಸುಲ್ತಾನನಲ್ಲಿ ಜನ ನೆಹರೂ ಯುಗದ ಭ್ರಮನಿರಸನ ಕಂಡರು. ಲಂಕೇಶರ 'ಸಂಕ್ರಾಂತಿ' ಬಸವಣ್ಣ, ಬಿಜ್ಜಳರನ್ನು ಎದುರುಬದುರು ನಿಲ್ಲಿಸಿತು. ಕಂಬಾರರ 'ಜೋಕುಮಾರಸ್ವಾಮಿ' ಜನಪದ ಆಚರಣೆ ಹಿಡಿದು ಉಳುವವನಿಗೆ ಹೊಲ ಸೇರಬೇಕೇ ಎಂಬ ಪ್ರಶ್ನೆ ಎತ್ತಿತು. ರಾಜ್ಯದಲ್ಲಿ ದೇವರಾಜ ಅರಸರ ಭೂಸುಧಾರಣೆ ಬರುವುದಕ್ಕೆ ಸ್ವಲ್ಪ ಮೊದಲಿನ ಮಾತಿದು. ಇವರ್ಯಾರೂ ಪೊಲೀಸರಿಗೆ ಹೆದರಿ ಹಳೆಯ ಕಥೆ ಆರಿಸಿಕೊಂಡವರಲ್ಲ. ಮರೆಮಾಡಲು ಕಲಿತ ವಿದ್ಯೆ ಅಷ್ಟರಲ್ಲಿ ಯೋಚನೆ ಮಾಡುವ ಕ್ರಮವೇ ಆಗಿತ್ತು ಎಂದು ನನಗನ್ನಿಸುತ್ತದೆ. ಈ ಮರೆ ಬೇಡವೇ ಬೇಡ ಎಂದವರು 1975ರಲ್ಲಿ ಹುಟ್ಟಿದ 'ಸಮುದಾಯ' ರಂಗಸಂಘಟನೆಯವರು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಸುಟ್ಟು ಕೊಂದಾಗ ಸಿ.ಜಿ. ಕೃಷ್ಣಸ್ವಾಮಿ ಅದೇ ಹೆಸರಿನ ಬೀದಿನಾಟಕ ಮಾಡಿಸಿದರು. ಊರಿನ ಹೆಸರು, ಜಾತಿಯ ಹೆಸರು ಎಲ್ಲ ನೇರ ನೇರ. ನೋಡಿದವರು ಅದನ್ನು ಮರೆಯಲಿಲ್ಲ. ಆದರೆ ಬೀದಿನಾಟಕ ಸುದ್ದಿಯ ಬಿಸಿ ಇರುವ ತನಕ ಓಡುತ್ತದೆ, 'ತುಘಲಕ್' ಪ್ರತಿ ಸರ್ಕಾರಕ್ಕೂ ಹೊಸದಾಗಿ ಹೊಂದುತ್ತದೆ. ಎರಡೂ ಬೇಕು. ಒಂದನ್ನೇ ಆರಿಸಿಕೋ ಎಂದರೆ ನಾನು ಎರಡನೆಯದರ ಕಡೆ ವಾಲುತ್ತೇನೆ, ಸ್ನೇಹಿತರು ಬೈದರೂ ಚಿಂತೆಯಿಲ್ಲ.

1876ರ ಕಾಯ್ದೆಯನ್ನು ಕೇಂದ್ರ ಸರ್ಕಾರ ಬೇಡದ ಹಳೆಯ ಕಾನೂನುಗಳ ರಾಶಿಯಲ್ಲಿ ಸೇರಿಸಿ ತೆಗೆದುಹಾಕಿದ್ದು 2018ರ ಜನವರಿಯಲ್ಲಿ. ತಮಿಳುನಾಡಿನ ಕಾಯ್ದೆಯನ್ನು ಮದ್ರಾಸ್ ಹೈಕೋರ್ಟ್ 2013ರಲ್ಲೇ ರದ್ದು ಮಾಡಿತ್ತು. ಈಗ ಊರುಗಳಲ್ಲಿ ನಾಟಕಕ್ಕೆ ಅಡ್ಡ ಬರುವುದು ಬೇರೆಯೇ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬೇಡ ಎನ್ನುವ 2000ದ ಶಬ್ದ ಮಾಲಿನ್ಯ ನಿಯಮದಿಂದ ಬೆಳಗಿನ ತನಕ ನಡೆಯುತ್ತಿದ್ದ ಆಟಗಳು ಕುಗ್ಗಿವೆ. ಇದರಲ್ಲಿ ರಾಜಕೀಯವೇನೂ ಇಲ್ಲ, ಮಲಗುವವರ ಕಷ್ಟವೂ ನಿಜ. ರಾಜಕೀಯ ಬರುವುದು ಮೈಕ್ ಪರ್ಮಿಷನ್‌ಗೆ ಹೋದಾಗ 'ಯಾವ ನಾಟಕ, ಸ್ಕ್ರಿಪ್ಟ್ ತಂದಿದ್ದೀರಾ?' ಎಂದು ಕೇಳುವಲ್ಲಿ. ಸಭಾಂಗಣ ಕೊಡುವವರೂ ಈಚೆಗೆ ಇದೇ ಪ್ರಶ್ನೆ ಕೇಳತೊಡಗಿದ್ದಾರೆ. ಯಾರೋ ಫೋನ್ ಮಾಡಿ ಆಕ್ಷೇಪ ಎತ್ತಿದರಂತೆ, ಅಷ್ಟೇ ಕಾರಣ.

ನನ್ನ ತಂಡದ ಹುಡುಗರಿಗೆ ಇದಕ್ಕೊಂದು ದಾರಿ ಹೇಳಿಕೊಟ್ಟಿದ್ದೇನೆ. ಜಗಳಕ್ಕೆ ಹೋಗಬೇಡಿ. ಯಾವ ಕಾನೂನಿನ ಯಾವ ಕಲಮಿನಡಿ ಸ್ಕ್ರಿಪ್ಟ್ ಬೇಕು ಎಂದು ವಿನಯವಾಗಿ ಬರಹದಲ್ಲೇ ಕೇಳಿ. ಬಹಳ ಸಲ ಮಾತು ಅಲ್ಲಿಗೇ ನಿಲ್ಲುತ್ತದೆ. ಲಿಖಿತ ಉತ್ತರ ಬಂದು ಕೊಡಲೇಬೇಕಾಗಿ ಬಂದರೆ ಪುಟಸಂಖ್ಯೆ ಹಾಕಿ, ಪ್ರತಿ ಪುಟಕ್ಕೆ ಸಹಿ ಮಾಡಿ ಕೊಡಿ. ಸ್ವೀಕೃತಿ ಪಡೆಯದೆ ಅಲ್ಲಿಂದ ಎದ್ದು ಬರಬೇಡಿ. ತಡೆ ಹೇಳುವುದಾದರೆ ಅದನ್ನೂ ಬರೆದೇ ಕೊಡಲಿ, ಕೋರ್ಟಿಗೆ ಹೋಗಲು ಬೇಕಾಗುವುದು ಆ ಒಂದು ಹಾಳೆಯೇ.